ತಂಪಾಗಿಸಿದ್ದರೆ ತಮ್ಮ ಉಳಿಯುತ್ತಿದ್ದನೇ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮಾನ್ಯ ಡಾಕ್ಟರರೇ, ನನ್ನ ತಮ್ಮ ಬೈಕಿನಿಂದ ಬಿದ್ದು ತಲೆಗೆ ಬಲವಾದ ಪೆಟ್ಟಾಗಿತ್ತು. ಆಸ್ಪತ್ರೆಗೆ ಸೇರಿಸುವಾಗಲೇ ಪ್ರಜ್ಞೆ ಇರಲಿಲ್ಲ. ಒಂಬತ್ತು ದಿನ ವೆಂಟಿಲೇಟರಿನಲ್ಲಿದ್ದು ತೀರಿಕೊಂಡ. ಇಂಥ ರೋಗಿಗಳ ಮೈಯನ್ನು ತಂಪುಮಾಡಿ ಮಿದುಳನ್ನು ಉಳಿಸುವ ಚಿಕಿತ್ಸೆ ಇದೆಯೆಂದು ಈಚೆಗೆ ಓದಿದೆ. ಅಲ್ಲಿನ ಡಾಕ್ಟರು ಆ ಮಾತನ್ನೇ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಕೇಳಿದ್ದರೆ ಅವನು ಉಳಿಯುತ್ತಿದ್ದನೇ? ಈ ಯೋಚನೆಯಲ್ಲಿ ನನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ. — ಒಬ್ಬ ಅಕ್ಕ

ಉತ್ತರ: ನಿಮ್ಮ ತಮ್ಮನ ಕಡತವನ್ನಾಗಲಿ ಸ್ಕ್ಯಾನ್‌ಗಳನ್ನಾಗಲಿ ನಾನು ನೋಡಿಲ್ಲವಾದ್ದರಿಂದ ಅವರಿಗೆ ನಡೆದ ಒಟ್ಟು ಚಿಕಿತ್ಸೆಯ ಬಗ್ಗೆ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ನೀವು ಕೇಳಿರುವ ಆ ಒಂದು ಚಿಕಿತ್ಸೆಯ ಮಟ್ಟಿಗೆ ಸ್ಪಷ್ಟವಾಗಿ ಹೇಳಬಲ್ಲೆ: ಅದನ್ನು ಕೇಳದೆ ಇದ್ದುದರಿಂದ ನೀವು ಅವರ ಪಾಲಿಗೆ ಬರಬೇಕಾಗಿದ್ದ ಏನನ್ನೂ ತಪ್ಪಿಸಿಲ್ಲ. ತಲೆಗೆ ತೀವ್ರ ಪೆಟ್ಟು ಬಿದ್ದವರ ದೇಹವನ್ನು ತಂಪಾಗಿಸಿದರೆ ಹೆಚ್ಚು ಜನ ಬದುಕುತ್ತಾರೆ ಎಂಬುದು ಈ ಶತಮಾನದಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಲಿಲ್ಲ. ಒಂದೆರಡರಲ್ಲಿ ತಂಪಾಗಿಸಿದವರ ಸ್ಥಿತಿಯೇ ಹೆಚ್ಚು ಕೆಟ್ಟಿತು. ನಿಮ್ಮ ವೈದ್ಯರು ಆ ಮಾತೆತ್ತದೆ ಇದ್ದುದಕ್ಕೆ ಇದೇ ಕಾರಣವಿರಬೇಕು.

ಹಾಗೆಂದು ನೀವು ಓದಿದ್ದು ಕಟ್ಟುಕಥೆಯೂ ಅಲ್ಲ. ಈ ವಿಚಾರದ ಹಿಂದೆ ಗಟ್ಟಿಯಾದ ತರ್ಕವಿದೆ. ಪೆಟ್ಟು ಬಿದ್ದ ಕ್ಷಣದಲ್ಲೇ ಹರಿದುಹೋದ ನರತಂತುಗಳನ್ನು ಯಾವ ಔಷಧವೂ ಮರಳಿ ಜೋಡಿಸಲಾರದು. ಆದರೆ ಮಿದುಳಿಗಾಗುವ ಹಾನಿ ಆ ಕ್ಷಣಕ್ಕೇ ಮುಗಿಯುವುದಿಲ್ಲ; ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ಎರಡನೆಯ ಹಂತದ ಹಾನಿ ಮುಂದುವರಿಯುತ್ತದೆ. ನೊಂದ ಜೀವಕೋಶಗಳಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಮಿತಿಮೀರಿ ಸುರಿದು, ಅದರ ಪ್ರಚೋದನೆಯಿಂದ ನೆರೆಯ ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗಿ, ಅವೂ ಸಾಯತೊಡಗುತ್ತವೆ. ರಕ್ತನಾಳಗಳ ಗೋಡೆ ಸೋರಿ ಮಿದುಳು ಊದಿಕೊಳ್ಳುತ್ತದೆ. ಹೊಟ್ಟೆ ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ, ತಲೆಬುರುಡೆ ಹಿಗ್ಗುವುದಿಲ್ಲ. ಆದ್ದರಿಂದ ಒಳಗಿನ ಒತ್ತಡ ಏರಿ, ಮಿದುಳಿಗೆ ರಕ್ತ ಹರಿಯುವುದೇ ಕಷ್ಟವಾಗುತ್ತದೆ. ದೇಹದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಮಿದುಳಿನ ಆಮ್ಲಜನಕದ ಬೇಡಿಕೆ ಸುಮಾರು 6ರಿಂದ 7 ಶೇಕಡಾ ತಗ್ಗುತ್ತದೆ. 37 ಡಿಗ್ರಿಯಿಂದ 33ಕ್ಕೆ ಇಳಿಸಿದರೆ ಬೇಡಿಕೆಯ ಕಾಲುಭಾಗವೇ ಕಡಿಮೆಯಾದಂತೆ. ಜೊತೆಗೆ ಗ್ಲುಟಮೇಟ್ ಸುರಿಯುವುದು ತಗ್ಗುತ್ತದೆ, ಊತ ತಗ್ಗುತ್ತದೆ, ಒತ್ತಡ ಇಳಿಯುತ್ತದೆ. ಪ್ರಯೋಗಾಲಯದ ಇಲಿಗಳಲ್ಲಿ ಇದೆಲ್ಲವೂ ಮತ್ತೆಮತ್ತೆ ಕಂಡುಬಂದಿದೆ.

ಮನುಷ್ಯರಲ್ಲಿ ಇದನ್ನು ಮೊದಲು ವ್ಯವಸ್ಥಿತವಾಗಿ ಮಾಡಿ ನೋಡಿದವರು ಫಿಲಡೆಲ್ಫಿಯಾದ ನರಶಸ್ತ್ರವೈದ್ಯ ಟೆಂಪಲ್ ಫೇ. 1930ರ ದಶಕದ ಕೊನೆಯಲ್ಲಿ ಅವರು ಕ್ಯಾನ್ಸರ್ ರೋಗಿಗಳನ್ನು ತಂಪಾಗಿಸಲು ಶುರುಮಾಡಿ, ಮುಂದೆ ತಲೆಗೆ ಪೆಟ್ಟು ಬಿದ್ದವರಿಗೂ ಅದನ್ನೇ ಮಾಡಿದರು. ವೆಂಟಿಲೇಟರಾಗಲಿ ಇಂದಿನ ಮಾನಿಟರುಗಳಾಗಲಿ ಇಲ್ಲದ ಕಾಲದಲ್ಲಿ ಅದು ಎಂಥ ಸಾಹಸವಾಗಿದ್ದಿರಬೇಕೆಂದು ನನಗೆ ಆಗಾಗ ಅನ್ನಿಸುತ್ತದೆ. ತೊಡಕುಗಳು ಹೆಚ್ಚಾಗಿದ್ದುದರಿಂದ ಆ ಪದ್ಧತಿ ಕ್ರಮೇಣ ಹಿಂದೆ ಸರಿಯಿತು. 1980ರ ದಶಕದ ಕೊನೆಯಲ್ಲಿ ಇಲಿಗಳ ಮಿದುಳಿನ ಉಷ್ಣತೆಯಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸವಾದರೂ ಹಾನಿಯ ಪ್ರಮಾಣ ಬಹಳ ಬದಲಾಗುತ್ತದೆಂದು ಕಂಡಾಗ ಆಸೆ ಮತ್ತೆ ಚಿಗುರಿತು. 1997ರಲ್ಲಿ ಪಿಟ್ಸ್‌ಬರ್ಗಿನ ವೈದ್ಯರು 82 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. 24 ಗಂಟೆ ಕಾಲ ತಂಪಾಗಿಸಿದವರಲ್ಲಿ, ಅದರಲ್ಲಿಯೂ ಅತ್ಯಂತ ಗಂಭೀರ ಸ್ಥಿತಿಯಲ್ಲಿ ಇಲ್ಲದವರಲ್ಲಿ, ಆರಂಭದ ತಿಂಗಳುಗಳ ಚೇತರಿಕೆ ಉತ್ತಮವಾಗಿತ್ತು. ನೀವು ಓದಿದ ಬರಹದ ಮೂಲ ಬಹುಶಃ ಈ ಕಾಲದ ಉತ್ಸಾಹವೇ.

ಒಂದೇ ಆಸ್ಪತ್ರೆಯ ಸಣ್ಣ ಅಧ್ಯಯನವನ್ನು ನೆಚ್ಚಿಕೊಂಡು ಎಲ್ಲರಿಗೂ ಚಿಕಿತ್ಸೆ ಕೊಡುವಂತಿಲ್ಲವಾದ್ದರಿಂದ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ದೊಡ್ಡ ಪ್ರಯೋಗ ನಡೆಸಿದವು. ಇಂಥ ಪ್ರಯೋಗದಲ್ಲಿ ಯಾರನ್ನು ತಂಪಾಗಿಸಬೇಕು, ಯಾರನ್ನು ಸಾಮಾನ್ಯ ಉಷ್ಣತೆಯಲ್ಲಿಡಬೇಕು ಎಂಬುದನ್ನು ವೈದ್ಯರು ತೀರ್ಮಾನಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡುತ್ತಾರೆ. 2001ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ 392 ರೋಗಿಗಳಿದ್ದರು. ತಂಪಾಗಿಸಿದವರಲ್ಲಿ ಸತ್ತವರು 28 ಶೇಕಡಾ, ತಂಪಾಗಿಸದವರಲ್ಲಿ 27 ಶೇಕಡಾ. ಸಾವು ಅಥವಾ ತೀವ್ರ ಅಂಗವೈಕಲ್ಯದಂಥ ಕೆಟ್ಟ ಪರಿಣಾಮವಾದವರು ಎರಡೂ ಗುಂಪಿನಲ್ಲಿ 57 ಶೇಕಡಾ. ತಂಪಾಗಿಸಲು ತಡವಾಯಿತೇನೋ ಎಂಬ ಅನುಮಾನದಿಂದ, ಪೆಟ್ಟು ಬಿದ್ದ ಎರಡೂವರೆ ಗಂಟೆಯೊಳಗೆ ಶುರುಮಾಡುವ ಇನ್ನೊಂದು ಪ್ರಯೋಗ ನಡೆಯಿತು. ಪ್ರಯೋಜನ ಕಾಣುವ ಸೂಚನೆಯಿಲ್ಲದೆ ಅದನ್ನೂ ನಡುವೆಯೇ ನಿಲ್ಲಿಸಿ, 2011ರಲ್ಲಿ ಪ್ರಕಟಿಸಿದರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು 2015ರಲ್ಲಿ ಪ್ರಕಟವಾದ ಯೂರೋಥರ್ಮ್ ಪ್ರಯೋಗ. 18 ದೇಶಗಳ 387 ರೋಗಿಗಳು ಅದರಲ್ಲಿದ್ದರು. ತಲೆಯೊಳಗಿನ ಒತ್ತಡ 20 ಮಿಲಿಮೀಟರ್ ಪಾದರಸವನ್ನು ದಾಟಿದವರನ್ನಷ್ಟೇ ಆರಿಸಿಕೊಂಡು, ಅರ್ಧದಷ್ಟು ಜನರನ್ನು 32ರಿಂದ 35 ಡಿಗ್ರಿಗೆ ತಂಪಾಗಿಸಲಾಯಿತು. ಒತ್ತಡವನ್ನು ಹತೋಟಿಯಲ್ಲಿಡುವಲ್ಲಿ ತಂಪು ತನ್ನ ಕೆಲಸವನ್ನು ಮಾಡಿತು: ಮಿದುಳನ್ನು ಗಾಢ ಮಂಪರಿನಲ್ಲಿಡುವುದು, ತಲೆಬುರುಡೆಯ ಮೂಳೆ ತೆಗೆಯುವುದು ಮುಂತಾದ ಕೊನೆಯ ಉಪಾಯಗಳು ತಂಪಾಗಿಸದವರಲ್ಲಿ 54 ಶೇಕಡಾ ಮಂದಿಗೆ ಬೇಕಾದರೆ, ತಂಪಾಗಿಸಿದವರಲ್ಲಿ 44 ಶೇಕಡಾ ಮಂದಿಗೆ ಮಾತ್ರ ಬೇಕಾದವು. ಹಾಸಿಗೆಯ ಪಕ್ಕ ನಿಂತು ಮಾನಿಟರಿನ ಅಂಕಿ ನೋಡುವ ಯಾವ ವೈದ್ಯನಿಗಾದರೂ ಚಿಕಿತ್ಸೆ ಫಲಿಸಿತೆಂದೇ ಅನ್ನಿಸುತ್ತಿತ್ತು. ಆದರೆ ಆರು ತಿಂಗಳ ಬಳಿಕ ಮನೆಗೆ ಮರಳಿ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಮಟ್ಟಕ್ಕೆ ಬಂದವರು ತಂಪಾಗಿಸಿದವರಲ್ಲಿ 26 ಶೇಕಡಾ, ತಂಪಾಗಿಸದವರಲ್ಲಿ 37 ಶೇಕಡಾ. ಹಾನಿಯಾಗುತ್ತಿದೆಯೆಂಬ ಕಾರಣಕ್ಕೇ ಪ್ರಯೋಗವನ್ನು ಅವಧಿಗೆ ಮುಂಚೆ ನಿಲ್ಲಿಸಬೇಕಾಯಿತು. ಬೇರೆ ಔಷಧಗಳನ್ನು ಬಳಸಿ ನೋಡುವ ಮೊದಲೇ ತಂಪಾಗಿಸಲು ಹೊರಟಿದ್ದು ತಪ್ಪೆಂದು ಟೀಕಿಸಿದವರೂ ಇದ್ದಾರೆ, ಟೀಕೆಯಲ್ಲಿ ಹುರುಳಿದೆ. ಆದರೂ ಒತ್ತಡ ಇಳಿದರೆ ರೋಗಿ ಗೆದ್ದ ಎಂಬ ನಮ್ಮ ನಂಬಿಕೆಗೆ ಅದು ಕೊಟ್ಟ ಪೆಟ್ಟು ಸಣ್ಣದಲ್ಲ. ಊತ ಇಳಿಸುತ್ತವೆಂದು ದಶಕಗಳ ಕಾಲ ಕೊಡುತ್ತಿದ್ದ ಸ್ಟೀರಾಯ್ಡ್‌ಗಳ ಕಥೆಯೂ ಹೀಗೆಯೇ ಆಗಿತ್ತು: 2004ರಲ್ಲಿ ಹತ್ತು ಸಾವಿರ ರೋಗಿಗಳ ಪ್ರಯೋಗದಲ್ಲಿ ಅವು ಸಾವನ್ನು ಹೆಚ್ಚಿಸುತ್ತವೆಂದು ಗೊತ್ತಾಯಿತು.

2018ರಲ್ಲಿ ಪ್ರಕಟವಾದ ಪೋಲಾರ್ ಪ್ರಯೋಗ ಉಳಿದಿದ್ದ ಆಸೆಯನ್ನೂ ಬಹುಮಟ್ಟಿಗೆ ಮುಗಿಸಿತು. ಒತ್ತಡ ಏರುವುದನ್ನು ಕಾಯದೆ, ಆದಷ್ಟು ಬೇಗ, ಸಾಧ್ಯವಾದ ಕಡೆ ಆಂಬುಲೆನ್ಸಿನಲ್ಲಿಯೇ ತಂಪು ಆರಂಭಿಸಿ, ಕನಿಷ್ಠ ಮೂರು ದಿನ, ಅಗತ್ಯವಿದ್ದರೆ ಏಳು ದಿನದವರೆಗೆ ಮುಂದುವರಿಸಿ, ನಿಧಾನವಾಗಿ ಮೈ ಬಿಸಿಯಾಗಿಸುವ ಯೋಜನೆ ಅದರದು. ಆರು ದೇಶಗಳ 511 ಜನ ಅದರಲ್ಲಿದ್ದರು. ಆರು ತಿಂಗಳ ಬಳಿಕ ಒಳ್ಳೆಯ ಚೇತರಿಕೆ ಕಂಡವರು ಒಂದು ಗುಂಪಿನಲ್ಲಿ 48.8 ಶೇಕಡಾ, ಇನ್ನೊಂದರಲ್ಲಿ 49.1 ಶೇಕಡಾ. ಯಾವುದು ಯಾವ ಗುಂಪಿನದೆಂದು ಹೇಳುವ ಅಗತ್ಯವೂ ಇಲ್ಲದಷ್ಟು ಸಮ.

ಇಲಿಗೆ ಒಗ್ಗಿದ್ದು ಮನುಷ್ಯನಿಗೆ ಏಕೆ ಒಗ್ಗಲಿಲ್ಲ? ತಂಪು ಮಿದುಳಿಗೆ ಮಾತ್ರ ತಾಗುವುದಿಲ್ಲ, ಇಡೀ ದೇಹಕ್ಕೆ ತಾಗುತ್ತದೆ, ಉತ್ತರದ ದೊಡ್ಡ ಪಾಲು ಇಲ್ಲಿಯೇ ಇದೆಯೆಂಬುದು ನನ್ನ ತಿಳಿವಳಿಕೆ. ತಣ್ಣಗಾದ ಮೈಯಲ್ಲಿ ಪ್ಲೇಟ್‌ಲೆಟ್‌ಗಳು ಸರಿಯಾಗಿ ಕೆಲಸ ಮಾಡದೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಮಿದುಳಿನೊಳಗೆ ಈಗಾಗಲೇ ರಕ್ತ ಒಸರುತ್ತಿರುವ ರೋಗಿಗೆ ಇದು ಎಂಥ ಕೇಡೆಂದು ಊಹಿಸಬಹುದು. ರೋಗನಿರೋಧಕ ಶಕ್ತಿ ಕುಂದಿ ನ್ಯುಮೋನಿಯಾ ಹತ್ತಿಕೊಳ್ಳಬಹುದು. ರಕ್ತದೊತ್ತಡ ಕುಸಿಯಬಹುದು, ಹೃದಯದ ಬಡಿತದ ಲಯ ತಪ್ಪಬಹುದು. ತಂಪಾಗಿಸುವಾಗ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ಬಿಸಿಯಾಗಿಸುವಾಗ ಏರುತ್ತದೆ. ದೇಹ ತಂಪನ್ನು ಸುಮ್ಮನೆ ಒಪ್ಪಿಕೊಳ್ಳುವುದೂ ಇಲ್ಲ, ನಡುಗಿ ಪ್ರತಿಭಟಿಸುತ್ತದೆ. ಆ ನಡುಕವೇ ಆಮ್ಲಜನಕದ ಖರ್ಚನ್ನು ಹೆಚ್ಚಿಸುವುದರಿಂದ ಅದನ್ನು ತಡೆಯಲು ಮಂಪರು ಬರಿಸುವ ಔಷಧ, ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಡಬೇಕಾಗುತ್ತದೆ. ತಣ್ಣಗಿನ ಪಿತ್ತಜನಕಾಂಗ ಆ ಔಷಧಗಳನ್ನು ಬೇಗ ಕರಗಿಸದೆ ಇರುವುದರಿಂದ ರೋಗಿ ಏಳದಿರುವುದು ಪೆಟ್ಟಿನಿಂದಲೋ ಔಷಧದಿಂದಲೋ ತಿಳಿಯುವುದು ಕಷ್ಟವಾಗುತ್ತದೆ. ಕೊನೆಗೆ ಮೈಯನ್ನು ಮರಳಿ ಬಿಸಿಯಾಗಿಸುವಾಗ, ಅವಸರಪಟ್ಟರೆ, ಇಳಿದ ಒತ್ತಡ ಮೊದಲಿಗಿಂತ ಜೋರಾಗಿ ಏರಬಹುದು. ಪ್ರಯೋಗಾಲಯದ ಇಲಿ ಎಳೆಯದು, ಆರೋಗ್ಯವಂತ. ಅದಕ್ಕೆ ಬೀಳುವ ಪೆಟ್ಟು ಅಳತೆಯದು, ತಂಪು ಸಿಗುವುದು ನಿಮಿಷಗಳ ಲೆಕ್ಕದಲ್ಲಿ. ರಸ್ತೆಯಲ್ಲಿ ಬಿದ್ದ ಮನುಷ್ಯನಿಗೆ ಪಕ್ಕೆಲುಬೂ ಮುರಿದಿರುತ್ತದೆ, ರಕ್ತವೂ ಹೋಗಿರುತ್ತದೆ, ಗಂಟೆಗಳೂ ಕಳೆದಿರುತ್ತವೆ.

ತಾಯಿ, ನಿಮ್ಮ ತಮ್ಮನನ್ನು ತಂಪಾಗಿಸಿದ್ದರೂ ಅವರು ಉಳಿಯುವ ಸಂಭವ ಹೆಚ್ಚುತ್ತಿತ್ತೆಂದು ಹೇಳಲು ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ದುಃಖವನ್ನು ನಾನು ತೆಗೆಯಲಾರೆ. ಅದರ ಜೊತೆ ಸೇರಿಕೊಂಡಿರುವ ಈ ತಪ್ಪಿತಸ್ಥ ಭಾವವನ್ನಾದರೂ ಇಳಿಸಿಬಿಡಿ.

ಪ್ರಶ್ನೆ: ಹುಟ್ಟುವಾಗ ಉಸಿರುಕಟ್ಟಿದ ಶಿಶುಗಳನ್ನು, ಹೃದಯ ನಿಂತು ಮತ್ತೆ ಬಡಿಯತೊಡಗಿದವರನ್ನು ತಂಪಾಗಿಸುತ್ತಾರಲ್ಲವೇ? ಅಲ್ಲಿ ಫಲಿಸುವುದು ತಲೆಪೆಟ್ಟಿನಲ್ಲಿ ಏಕೆ ಫಲಿಸದು? — ವಿಜ್ಞಾನ ಶಿಕ್ಷಕರೊಬ್ಬರು

ಉತ್ತರ: ಒಳ್ಳೆಯ ಪ್ರಶ್ನೆ. ಉಸಿರುಕಟ್ಟಿದ ಶಿಶುವಿಗೆ ಆಗುವುದು ಒಂದೇ ಬಗೆಯ ಹಾನಿ; ಕೆಲಹೊತ್ತು ಆಮ್ಲಜನಕವಿಲ್ಲದೆ ಇಡೀ ಮಿದುಳು ಒಟ್ಟಿಗೆ ನರಳಿರುತ್ತದೆ, ಹಾನಿ ಯಾವಾಗ ಆಯಿತೆಂಬುದು ಹೆಚ್ಚುಕಡಿಮೆ ಗೊತ್ತಿರುತ್ತದೆ, ರಕ್ತಸ್ರಾವದ ಚಿಂತೆ ಕಡಿಮೆ. ಹುಟ್ಟಿದ ಆರು ಗಂಟೆಯೊಳಗೆ ಆರಂಭಿಸಿ 33.5 ಡಿಗ್ರಿಯಲ್ಲಿ 72 ಗಂಟೆ ಇಡುವ ಈ ಚಿಕಿತ್ಸೆ ಶ್ರೀಮಂತ ದೇಶಗಳ ಪ್ರಯೋಗಗಳಲ್ಲಿ ಸಾವನ್ನೂ ಅಂಗವೈಕಲ್ಯವನ್ನೂ ತಗ್ಗಿಸಿ, ಅಲ್ಲಿ ರೂಢಿಯ ಚಿಕಿತ್ಸೆಯಾಗಿದೆ. ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಇದೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಹೆಲಿಕ್ಸ್ ಪ್ರಯೋಗದಲ್ಲಿ ಇದೇ ಚಿಕಿತ್ಸೆ ಪ್ರಯೋಜನ ತೋರಲಿಲ್ಲ, ಸಾವು ಹೆಚ್ಚಾಯಿತು. ಒಂದೇ ಹೆಸರಿನ ಕಾಯಿಲೆಯಾದರೂ ಅದು ಬಂದ ದಾರಿ ಬೇರೆಯಾದರೆ ಮದ್ದಿನ ಗುಣವೂ ಬೇರೆಯಾಗಬಹುದು.

ಹೃದಯಸ್ತಂಭನದ ಕಥೆ ಇನ್ನೂ ಏರಿಳಿತದ್ದು. 2002ರಲ್ಲಿ ಎರಡು ಪ್ರಯೋಗಗಳು ತಂಪಿನ ಪರವಾಗಿ ಬಂದ ಮೇಲೆ ಲೋಕದ ತುಂಬ ಅದು ಹಬ್ಬಿತು. 2013ರಲ್ಲಿ 33 ಡಿಗ್ರಿಗೂ 36 ಡಿಗ್ರಿಗೂ ವ್ಯತ್ಯಾಸವಿಲ್ಲವೆಂದು ಕಂಡಿತು. 2021ರಲ್ಲಿ 1,900 ರೋಗಿಗಳ ಪ್ರಯೋಗದಲ್ಲಿ, ಜ್ವರ ಬಾರದಂತೆ ನೋಡಿಕೊಂಡವರಿಗಿಂತ 33 ಡಿಗ್ರಿಗೆ ತಂಪಾಗಿಸಿದವರು ಹೆಚ್ಚೇನೂ ಬದುಕಲಿಲ್ಲ. ಹಿಂದಿನ ಪ್ರಯೋಗಗಳಲ್ಲಿ ಕಂಡ ಲಾಭದ ಒಂದು ಪಾಲು, ತಂಪಾಗಿಸದ ಗುಂಪಿನವರಿಗೆ ಜ್ವರ ಏರಲು ಬಿಟ್ಟದ್ದರಿಂದ ಬಂದಿರಬಹುದೆಂದು ಈಗ ಹಲವರ ಅಭಿಪ್ರಾಯ, ನನ್ನದೂ ಅದೇ.

ಮಕ್ಕಳ ಮಿದುಳು ಎಳೆಯದಾದ್ದರಿಂದ ತಲೆಪೆಟ್ಟಿನಲ್ಲಿಯೂ ಅವರಿಗೆ ತಂಪು ಒಗ್ಗಬಹುದೇ ಎಂದು ನೀವು ಮುಂದೆ ಕೇಳಬಹುದು. 2008ರಲ್ಲಿ ಪ್ರಕಟವಾದ 225 ಮಕ್ಕಳ ಪ್ರಯೋಗದಲ್ಲಿ ತಂಪಾಗಿಸಿದವರಲ್ಲಿ 21 ಶೇಕಡಾ, ತಂಪಾಗಿಸದವರಲ್ಲಿ 14 ಶೇಕಡಾ ಮಕ್ಕಳು ತೀರಿಕೊಂಡರು. ಆ ಬಾಗಿಲೂ ಮುಚ್ಚಿದಂತೆಯೇ.

ಪ್ರಶ್ನೆ: ಅಪಘಾತವಾದ ಸ್ಥಳದಲ್ಲಿ ಗಾಯಾಳುವಿನ ತಲೆಯ ಮೇಲೆ ಮಂಜುಗಡ್ಡೆ ಇಡಬಹುದೇ, ತಣ್ಣೀರು ಸುರಿಯಬಹುದೇ? — ಒಬ್ಬ ಓದುಗ

ಉತ್ತರ: ಬೇಡ. ತಲೆಯ ಮೇಲಿಟ್ಟ ಮಂಜುಗಡ್ಡೆ ನೆತ್ತಿಯ ಚರ್ಮವನ್ನು ತಣ್ಣಗಾಗಿಸುತ್ತದೆ. ಒಳಗಿನ ಮಿದುಳನ್ನು ದೇಹದಿಂದ ಬರುವ ರಕ್ತ ಬಿಸಿಯಾಗಿಯೇ ಇಡುತ್ತದೆ. ತಣ್ಣೀರು ಸುರಿದರೆ ರಕ್ತ ಕಳೆದುಕೊಂಡ ಗಾಯಾಳುವಿನ ಮೈ ತಣ್ಣಗಾಗಿ ರಕ್ತಸ್ರಾವ ಹೆಚ್ಚಬಹುದು. ಕುತ್ತಿಗೆ ಅಲುಗದಂತೆ ನೋಡಿಕೊಳ್ಳಿ, ಉಸಿರಾಟಕ್ಕೆ ಅಡ್ಡಿಯಾಗದಂತೆ ಎಚ್ಚರವಹಿಸಿ, ರಕ್ತ ಸುರಿಯುವ ಕಡೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಬಾಯಿಗೆ ನೀರು ಹಾಕಬೇಡಿ, ಮೈಗೆ ಹೊದಿಸಿ, ಬೇಗ ಆಸ್ಪತ್ರೆಗೆ ಸಾಗಿಸಿ. ಗಾಯಾಳುವಿನ ಉಸಿರಾಟ, ರಕ್ತದೊತ್ತಡ ಕುಸಿಯದಂತೆ ಕಾಯುವುದೇ ಮಿದುಳನ್ನು ಕಾಯುವ ಮೊದಲ ಕೆಲಸ.

ಪ್ರಶ್ನೆ: ಹಾಗಾದರೆ ತಲೆಪೆಟ್ಟಿನಲ್ಲಿ ಈ ಚಿಕಿತ್ಸೆಗೆ ಈಗ ಸ್ಥಾನವೇ ಇಲ್ಲವೇ? — ವೈದ್ಯಕೀಯ ವಿದ್ಯಾರ್ಥಿನಿ

ಉತ್ತರ: ಪೂರ್ತಿ ಇಲ್ಲವೆನ್ನಲಾಗದು, ಆದರೆ ಬಹಳ ಕಿರಿದಾಗಿದೆ. ಮಿದುಳಿನ ಎಲ್ಲೆಡೆ ಹಾನಿ ಹರಡಿದವರಲ್ಲಿ ಮುನ್ನೆಚ್ಚರಿಕೆಯ ಹೆಸರಿನಲ್ಲಿ ಬೇಗನೆ ತಂಪಾಗಿಸುವುದನ್ನು ಅಮೆರಿಕದ ಬ್ರೇನ್ ಟ್ರಾಮಾ ಫೌಂಡೇಶನ್ ತನ್ನ 2016ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡುವುದಿಲ್ಲ. ತಲೆಯೊಳಗಿನ ಒತ್ತಡ ಬೇರಾವ ಮದ್ದಿಗೂ ಬಗ್ಗದೆ ಹೋದಾಗ ಕೊನೆಯ ಮೆಟ್ಟಿಲಲ್ಲಿ 35ರಿಂದ 36 ಡಿಗ್ರಿಯ ಸೌಮ್ಯವಾದ ತಂಪನ್ನು ಪರಿಗಣಿಸಬಹುದೆಂದು 2019ರಲ್ಲಿ ಸಿಯಾಟಲ್‌ನಲ್ಲಿ ಸೇರಿದ್ದ ತಜ್ಞರು ಒಮ್ಮತಕ್ಕೆ ಬಂದರು. ಗಮನಿಸಿ, 33 ಡಿಗ್ರಿ ಅಲ್ಲ. ತಲೆಯೊಳಗೆ ಹೆಪ್ಪುಗಟ್ಟಿದ ರಕ್ತವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದವರಲ್ಲಿ ತಂಪು ನೆರವಾಗಬಹುದೆಂಬ ಸುಳಿವು 2011ರ ಪ್ರಯೋಗದಲ್ಲಿ ಸಿಕ್ಕಿತ್ತು. ಒಂದು ದೊಡ್ಡ ಪ್ರಯೋಗ ವಿಫಲವಾದ ಮೇಲೆ ಅದರೊಳಗಿನ ಚಿಕ್ಕ ಗುಂಪಿನಲ್ಲಿ ಕಂಡ ಲಾಭ ಹೊಸ ಪ್ರಯೋಗಕ್ಕೆ ನೆಪವಾಗಬಹುದು, ಹಾಸಿಗೆಯ ಪಕ್ಕದ ಚಿಕಿತ್ಸೆಗೆ ಆಧಾರವಾಗಲಾರದು. ಪರೀಕ್ಷೆಗೆ ಓದುವಾಗ ಈ ವ್ಯತ್ಯಾಸವನ್ನು ಮರೆಯಬೇಡಿ.

ಪ್ರಶ್ನೆ: ನನ್ನ ಮಗ ತಲೆಗೆ ಪೆಟ್ಟಾಗಿ ಐಸಿಯುನಲ್ಲಿದ್ದಾನೆ. ನಿನ್ನೆ 39 ಡಿಗ್ರಿ ಜ್ವರ ಬಂದು, ತಣ್ಣೀರು ಹರಿಯುವ ಹೊದಿಕೆಯೊಂದನ್ನು ಹಾಕಿದ್ದಾರೆ. ತಂಪಾಗಿಸುವುದು ಅಪಾಯವೆಂದು ಕೆಲವರು ಹೆದರಿಸುತ್ತಿದ್ದಾರೆ. ತೆಗೆಯಲು ಹೇಳಲೇ? — ಒಬ್ಬ ತಾಯಿ

ಉತ್ತರ: ದಯವಿಟ್ಟು ಹಾಗೆ ಹೇಳಬೇಡಿ. ಯಂತ್ರ ಒಂದೇ ಆದರೂ ಇಲ್ಲಿ ನಡೆಯುತ್ತಿರುವ ಕೆಲಸ ಬೇರೆ. ಮೈಯನ್ನು ಸಾಮಾನ್ಯಕ್ಕಿಂತ ಕೆಳಕ್ಕೆ ಇಳಿಸುವುದು ಒಂದು. ಏರಿದ ಜ್ವರವನ್ನು ಸಾಮಾನ್ಯ ಮಟ್ಟಕ್ಕೆ ತರುವುದು ಇನ್ನೊಂದು. ನೊಂದ ಮಿದುಳಿಗೆ ಜ್ವರ ಬಂದಾಗ, ತಂಪಿನಲ್ಲಿ ತಗ್ಗುವ ಆಮ್ಲಜನಕದ ಬೇಡಿಕೆ ತಿರುವುಮುರುವಾಗಿ ಏರುತ್ತದೆ, ತಲೆಯೊಳಗಿನ ಒತ್ತಡವೂ ಏರಬಹುದು. ಮಿದುಳಿನ ಉಷ್ಣತೆ ಸಾಮಾನ್ಯವಾಗಿ ದೇಹದ ಉಷ್ಣತೆಗಿಂತ ತುಸು ಹೆಚ್ಚೇ ಇರುವುದರಿಂದ ಹೊರಗೆ ಕಾಣುವ 39 ಒಳಗೆ ಇನ್ನೂ ಹೆಚ್ಚಿರಬಹುದು. ಪ್ಯಾರಸಿಟಮಾಲ್ ಸಾಲದೆ ಹೋದಾಗ ಹೊದಿಕೆ ಹಾಕುವುದು ಇದಕ್ಕಾಗಿ. ಜ್ವರದ ಮೂಲದಲ್ಲಿ ಸೋಂಕಿದೆಯೇ ಎಂದು ಹುಡುಕುವ ಪರೀಕ್ಷೆಗಳೂ ಜೊತೆಯಲ್ಲೇ ನಡೆಯಬೇಕು. ಹೊದಿಕೆ ಜ್ವರವನ್ನು ಮರೆಮಾಡಬಹುದು, ಸೋಂಕನ್ನು ಗುಣಪಡಿಸದು.

ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ಜ್ವರ ಬಂದವರ ಚೇತರಿಕೆ ಕುಂಠಿತವಾಗುತ್ತದೆಂಬುದು ಚೆನ್ನಾಗಿ ಗೊತ್ತಿರುವ ವಿಷಯವಾದರೂ, ಯಂತ್ರದಿಂದ ಜ್ವರವನ್ನು ತಡೆದರೆ ಚೇತರಿಕೆ ಅಷ್ಟೇ ಸುಧಾರಿಸುತ್ತದೆಂದು ಹೇಳಲಾಗದು. ಪಾರ್ಶ್ವವಾಯು ಮತ್ತು ಮಿದುಳಿನ ರಕ್ತಸ್ರಾವದ ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜ್ವರವೇನೋ ತಗ್ಗಿತು, ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದರೂ ತಲೆಪೆಟ್ಟಿನ ರೋಗಿಯ ಜ್ವರವನ್ನು ಇಳಿಸದೆ ಬಿಡುವ ಧೈರ್ಯವನ್ನು ನಾನಂತೂ ಮಾಡಲಾರೆ. ನಿಮ್ಮ ಮನಸ್ಸಿನ ಸಮಾಧಾನಕ್ಕೆ, ಹೊದಿಕೆಯ ಯಂತ್ರವನ್ನು ಎಷ್ಟು ಡಿಗ್ರಿಗೆ ಇಟ್ಟಿದ್ದೀರಿ, ಮಗ ನಡುಗುತ್ತಿದ್ದಾನೆಯೇ ಎಂಬ ಎರಡು ಪ್ರಶ್ನೆಗಳನ್ನು ಅಲ್ಲಿನ ನರ್ಸ್ ಅವರನ್ನು ಕೇಳಿ. ಗುರಿ 37 ಡಿಗ್ರಿಯ ಆಸುಪಾಸಿನಲ್ಲಿದ್ದು ನಡುಕ ಇಲ್ಲದಿದ್ದರೆ ಹೊದಿಕೆ ಇರಲಿ.